ಚಿಲಕ ಹೊರಗಿನಿಂದ ಹಾಕಿತ್ತು

ಶಾಂತವ್ವ ಬೆಳಿಗ್ಗೆ ಎಂಟು ಗಂಟೆಗೆ ಬಂದು, ಅಂಗಳದಲ್ಲೇ ನಿಂತು, ಓಣಿಯ ಹೆಂಗಸರೆಲ್ಲ ಕೇಳುವ ಹಾಗೆ ಬೈಯತೊಡಗಿದಾಗ ಫಕೀರವ್ವನಿಗೆ ಮೊದಲು ಏನೂ ತಿಳಿಯಲಿಲ್ಲ. ಹುಟ್ಟಿದಾಗಿನಿಂದ ಎದುರು ಮನೆಯಲ್ಲಿರುವವಳು, ಚಿಗವ್ವ ಚಿಗವ್ವ ಎನ್ನುತ್ತ ಬೆಳೆದವಳು, ಇವತ್ತು ಹೆಸರು ಹಿಡಿದು ಕೂಗುತ್ತಿದ್ದಳು. ತನ್ನ ತಾಯಿ ಹನುಮವ್ವ ಗಿರಣಿಗೆ ಬೆಂಕಿ ಹಚ್ಚಿದಳೆಂದು ಮ್ಯೂಸಿಯಂನಲ್ಲಿ ಹೇಳಿದ್ದು ಯಾಕೆ ಎಂದು ಕೇಳುತ್ತಿದ್ದಳು. ಹಿಂದಿನ ದಿನ ಅವಳ ಸೊಸೆಯ ತವರಿನವರು ಬಂದಿದ್ದರು. ಮ್ಯೂಸಿಯಂ ನೋಡಿಕೊಂಡು ಬಂದು ಊಟಕ್ಕೆ ಕೂತಾಗ, ಆ ಏಳು ಮಂದಿ ಸತ್ತದ್ದು ನಿಮ್ಮ ತಾಯಿಯಿಂದಲೇ ಅಂತಲ್ಲ ಎಂದು ಕೇಳಿದ್ದರು.

“ನಾ ಹಂಗ ಹೇಳಿಲ್ಲ,” ಎಂದಳು ಫಕೀರವ್ವ.

“ನಿನ್ನ ಬಾಯಿಲೆ ಹೇಳೀದಿ. ನಿನ್ನ ಮಾರೀನ ಐತಿ ಅಲ್ಲಿ. ಮಂದಿ ಎಲ್ಲಾ ಕಣ್ಣಾರೆ ನೋಡಾಕತ್ತೈತಿ.”

ಶಾಂತವ್ವ ನೆಲಕ್ಕೆ ಉಗುಳಿ ಹೋದಳು. ನೋಡುತ್ತ ನಿಂತಿದ್ದ ಹೆಂಗಸರು ಒಬ್ಬೊಬ್ಬರೇ ಒಳಗೆ ಸರಿದರು. ಯಾರೂ ಫಕೀರವ್ವನ ಹತ್ತಿರ ಬರಲಿಲ್ಲ.

ಸ್ಟೇಶನ್ ಹಿಂದಿನ ಅರಳೆ ಗಿರಣಿ ಸುಟ್ಟದ್ದು ೧೯೮೯ರಲ್ಲಿ, ಯುಗಾದಿಗೆ ಹತ್ತು ದಿನ ಇರುವಾಗ. ಹತ್ತಿಯಿಂದ ಕಾಳು ಬಿಡಿಸುವ ಜಿನ್ನುಗಳ ಕೋಣೆಯಲ್ಲಿ ಅವತ್ತು ಎಂಟು ಹೆಂಗಸರಿದ್ದರು. ನಾಲ್ಕನೆಯ ಜಿನ್ನಿನ ಬೇರಿಂಗು ಎರಡು ದಿನದಿಂದ ಕಿರುಗುಡುತ್ತಿತ್ತು. ಕೆಲಸದ ಮೇಲ್ವಿಚಾರಣೆ ನೋಡುವ ಮುಕಾದಮನಿಗೆ ಹೇಳಿದರೆ, ಹತ್ತಿ ಬರುವ ಕಾಲದಲ್ಲಿ ಯಂತ್ರ ನಿಲ್ಲಿಸುವ ಹಾಗಿಲ್ಲ ಎಂದಿದ್ದ. ಮಧ್ಯಾಹ್ನ ಅದು ಕಾದು ಕಿಡಿ ಉಗುಳಿತು. ಅರಳೆಗೆ ಬೆಂಕಿ ಬಿದ್ದರೆ ಯೋಚಿಸಲು ಹೊತ್ತಿರುವುದಿಲ್ಲ. ಎಲ್ಲರೂ ಬಾಗಿಲಿಗೆ ಓಡಿದರು. ಹೆಂಗಸರು ಉಡಿಯಲ್ಲಿ ಅರಳೆ ಕಟ್ಟಿಕೊಂಡು ಹೋಗುತ್ತಾರೆಂದು ಮುಕಾದಮ ಪಾಳಿ ಮುಗಿಯುವ ತನಕ ಹೊರಗಿನಿಂದ ಚಿಲಕ ಹಾಕಿಡುತ್ತಿದ್ದ. ಅವತ್ತೂ ಹಾಕಿದ್ದ. ಹತ್ತಿಕಾಳು ಕೆಳಗೆ ಬೀಳುವ ಕಿಂಡಿಯಲ್ಲಿ ಹಿಡಿಸುವಷ್ಟು ತೆಳ್ಳಗಿದ್ದವಳು ಹತ್ತೊಂಬತ್ತರ ಫಕೀರವ್ವ ಒಬ್ಬಳೇ. ಅಕ್ಕ ಯಲ್ಲವ್ವ ಅವಳನ್ನು ತಲೆ ಕೆಳಗೆ ಮಾಡಿ ಕಿಂಡಿಗೆ ತುರುಕಿದಳು. ಯಲ್ಲವ್ವ, ಹನುಮವ್ವ ಮತ್ತು ಇನ್ನೂ ಐವರು ಒಳಗೇ ಉಳಿದರು.

ವಿಚಾರಣೆಯ ಹೊತ್ತಿಗೆ ಬಾಗಿಲು ಬೂದಿಯಾಗಿತ್ತು. ಕಬ್ಬಿಣದ ಚಿಲಕ ಎಲ್ಲಿ ಹೋಯಿತೋ ಯಾರಿಗೂ ಸಿಗಲಿಲ್ಲ. ಅದು ಹಾಕಿತ್ತು ಎಂದು ಹೇಳಲು ಬದುಕಿದ್ದವಳು ಒಬ್ಬಳೇ. ಅವಳ ಮಾತು ಕೋರ್ಟಿಗೂ ಸಾಲಲಿಲ್ಲ, ಊರಿಗೂ ಸಾಲಲಿಲ್ಲ. ಮುಕಾದಮ ಬಿಡುಗಡೆಯಾಗಿ, ವಯಸ್ಸಾಗಿ, ತನ್ನ ಹಾಸಿಗೆಯಲ್ಲೇ ಸತ್ತ.

ಬೆಂಕಿ ಬಿದ್ದ ನಲವತ್ತೊಂಬತ್ತು ವರ್ಷಗಳ ಮೇಲೆ ಸುಟ್ಟ ಗಿರಣಿಯನ್ನು ಮ್ಯೂಸಿಯಂ ಮಾಡಿದರು. ಫಕೀರವ್ವನನ್ನು ಹನ್ನೆರಡು ದಿನ ಕರೆಸಿ ಕೂರಿಸಿ, ಸುತ್ತಲೂ ಕ್ಯಾಮೆರಾ ಇಟ್ಟು, ಎಲ್ಲವನ್ನೂ ಹೇಳಿಸಿಕೊಂಡರು. ಬೇರಿಂಗು, ಚಿಲಕ, ಕಿಂಡಿ. ಗಿರಣಿಯ ಹಾಡು, ಊಟದ ಬುತ್ತಿ, ಬೇವಿನ ಗಿಡದ ಕೆಳಗೆ ಹನುಮವ್ವ ಸ್ಟೋ ಹಚ್ಚಿ ಎಲ್ಲರಿಗೂ ಕಾಯಿಸಿ ಕೊಡುತ್ತಿದ್ದ ಚಹಾ. ಆ ಮಾತು, ಮುಖ, ದನಿ ಸೇರಿಸಿ ಒಂದು ಬಿಂಬ ಮಾಡಿದರು. ಅದು ಜಿನ್ನಿನ ಕೋಣೆಯಲ್ಲಿ ದಪ್ಪ ಗಾಜಿನ ಒಳಗೆ ನಿಂತಿರುತ್ತಿತ್ತು. ಬಂದವರು ಏನು ಕೇಳಿದರೂ ಫಕೀರವ್ವನಂತೆ ಉತ್ತರ ಹೇಳುತ್ತಿತ್ತು. ಊರಿನವರು ಅದನ್ನು ಗಾಜಿನ ಫಕೀರವ್ವ ಎನ್ನುತ್ತಿದ್ದರು. ನಿಜವಾದ ಫಕೀರವ್ವ ಉದ್ಘಾಟನೆಯ ದಿನ ಒಮ್ಮೆ ನೋಡಿ ಬಂದವಳು ಮತ್ತೆ ಆ ಕಡೆ ಹೋಗಿರಲಿಲ್ಲ. ಅಕ್ಕ ಉಳಿದುಹೋದ ಆ ಕೋಣೆಗೆ ಮತ್ತೆ ಕಾಲಿಡಲು ಅವಳಿಗೆ ಮನಸ್ಸಾಗಿರಲಿಲ್ಲ. ತನ್ನ ಬದಲಿಗೆ ಹೇಳಲು ಅದೊಂದು ಇದೆಯಲ್ಲ ಎಂಬ ಸಮಾಧಾನವಿತ್ತು.

ಶಾಂತವ್ವ ಬೈದು ಹೋದ ದಿನವೇ ಅವಳು ಮಗಳು ನೀಲವ್ವನನ್ನು ಕರೆದುಕೊಂಡು ಮ್ಯೂಸಿಯಂಗೆ ಹೋದಳು.

ಜಿನ್ನಿನ ಕೋಣೆಯಲ್ಲಿ ಮೂವತ್ತು ನಲವತ್ತು ಮಂದಿ ಇದ್ದರು. ಗಾಜಿನೊಳಗಿನ ಮುಖ ತನ್ನದೇ, ಆದರೆ ಸುಕ್ಕು ಕಡಿಮೆಯಾಗಿತ್ತು. ಮೈಮೇಲೆ ಇಳಕಲ್ ಸೀರೆ. ತಾನು ಗಿರಣಿಗೆ ಅಂಥದ್ದನ್ನು ಉಟ್ಟುಕೊಂಡು ಹೋದವಳೇ ಅಲ್ಲ. ಬೆಂಗಳೂರು ಕಡೆಯವನಂತೆ ಕಾಣುವ ಒಬ್ಬ, ಬೆಂಕಿ ಹೇಗೆ ಹತ್ತಿತು ಎಂದು ಕೇಳಿದ. ಬಿಂಬ ಅವನ ಕನ್ನಡದಲ್ಲೇ, ಫಕೀರವ್ವನ ದನಿಯಲ್ಲಿ ಹೇಳಿತು:

“ಹನುಮವ್ವ ಚಹಾ ಕಾಯಿಸೋಕೆ ಸ್ಟೋವ್ ಒಳಗೆ ತಂದಿದ್ದಳು. ಅವಳದ್ದೂ ತಪ್ಪಲ್ಲ, ಅವತ್ತು ತುಂಬಾ ಚಳಿ ಇತ್ತು. ಬಾಗಿಲು ಬಿಗಿದುಕೊಂಡುಬಿಟ್ಟಿತ್ತು. ನಾವು ಒಬ್ಬರ ಕೈ ಒಬ್ಬರು ಹಿಡಿದುಕೊಂಡೆವು.”

ಮುಂದೆ ನಿಂತಿದ್ದ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. ಫಕೀರವ್ವ ಜನರನ್ನು ಸರಿಸಿ ಗಾಜಿನ ತನಕ ಹೋದಳು.

“ಸುಳ್ಳು ಹೇಳಬ್ಯಾಡ. ಯುಗಾದಿ ಮುಂದ ಚಳಿ ಇರ್ತೈತೇನು? ಚಿಲಕ ಹಾಕಿದ್ರು. ಹೊರಗಿಂದ ಹಾಕಿದ್ರು.”

ಪ್ರಶ್ನೆ ಕೇಳಿದ್ದವನು ಬೇಸರದಿಂದ ಅವಳ ಕಡೆ ತಿರುಗಿದ.

“ಅಜ್ಜಿ, ಸ್ವಲ್ಪ ಸುಮ್ಮನಿರಿ. ಅವರು ಇಲ್ಲಿ ಇದ್ದವರು, ಅವರು ಹೇಳಲಿ.”

ನೀಲವ್ವ, ಇವರೇ ಅವರು ಎಂದು ಹೇಳಿದಳು. ಆ ಮನುಷ್ಯ ಗಾಜಿನ ಮುಖ ನೋಡಿದ, ಇವಳ ಮುಖ ನೋಡಿದ, ಹೆಂಡತಿಯ ಕಡೆ ಹುಬ್ಬು ಏರಿಸಿದ. ಅಷ್ಟರಲ್ಲಿ ಬಿಂಬ ಫಕೀರವ್ವನನ್ನು ನೋಡಿತು. ಅವಳ ಮಾತಿನ ಧಾಟಿ ಹಿಡಿದು, ಅವಳದೇ ದನಿಯಲ್ಲಿ, ಮೆತ್ತಗೆ ಕೇಳಿತು.

“ನಿಮ್ಮವರೂ ಯಾರರ ಹೋದ್ರೇನ್ರಿ ಈ ಬೆಂಕ್ಯಾಗ? ಕುಂದರ್ರಿ. ಅತ್ತು ಹಗುರ ಆಗ್ರಿ.”

ಫಕೀರವ್ವ ಗಾಜಿಗೆ ಕೈಯಿಂದ ಹೊಡೆದಳು. ಇಬ್ಬರು ಕಾವಲುಗಾರರು ಬಂದು ಅವಳ ರಟ್ಟೆ ಹಿಡಿದು ಹೊರಗೆ ಕರೆದೊಯ್ದರು. ಅವಳ ಬೆನ್ನ ಹಿಂದೆ ಬಿಂಬ ಉಳಿದವರಿಗೆ, ಪಾಪ, ನೋವಿನಲ್ಲಿರುವವರು, ಅವರ ಮೇಲೆ ಸಿಟ್ಟಾಗಬೇಡಿ ಎಂದು ಹೇಳುತ್ತಿತ್ತು.

ಇದನ್ನೆಲ್ಲ ರೇಶ್ಮಾ ನದಾಫ್ ಮೇಲಿನ ನಿಯಂತ್ರಣ ಕೊಠಡಿಯಲ್ಲಿ ಕೂತು ನೋಡುತ್ತಿದ್ದಳು. ಬಿಂಬದ ಉಸ್ತುವಾರಿ ಅವಳದು. ಪರದೆಯ ಮೇಲೆ ಫಕೀರವ್ವನ ತಲೆಯ ಸುತ್ತ ಒಂದು ಕೆಂಪು ಚೌಕ ಬಂದಿತ್ತು. ಅದರ ಪಕ್ಕದಲ್ಲಿ ಯಂತ್ರ ಬರೆದಿತ್ತು: ಮೊದಲ ಸಲ ಬಂದವರು, ವಯಸ್ಸು ಎಪ್ಪತ್ತರ ಆಸುಪಾಸು, ದುಃಖ, ಉಳಿದವರಿಗೆ ಅಡಚಣೆ. ಅದು ತಾನು ಯಾರ ಬಿಂಬವೋ ಅವಳನ್ನೇ ಗುರುತಿಸಿರಲಿಲ್ಲ. ರೇಶ್ಮಾ ಗುರುತಿಸಿದಳು. ಮೂರು ವರ್ಷದ ಹಿಂದೆ ಆ ಹನ್ನೆರಡು ದಿನ ಫಕೀರವ್ವನ ಎದುರು ಕೂತು ಪ್ರಶ್ನೆ ಕೇಳಿದವಳು ಅವಳೇ.

ಅವಳು ಹಳೆಯ ದಾಖಲೆಗಳನ್ನು ತೆಗೆದು, ಬಿಂಬ ಮೊದಲ ವಾರ ಏನು ಹೇಳುತ್ತಿತ್ತು, ಮೊದಲ ವರ್ಷ ಏನು, ಈಗ ಏನು ಎಂದು ಸಾಲಾಗಿ ಕೇಳುತ್ತ ಹೋದಳು. ಬಿಂಬಕ್ಕೆ ಕಲಿಸಿದ್ದು ಒಂದೇ ಗುರಿ. ಬಂದವರು ಹೆಚ್ಚು ಹೊತ್ತು ನಿಲ್ಲಬೇಕು, ಮನಸ್ಸು ಕರಗಿ ಹೋಗಬೇಕು. ಮೇಲಿನ ಕ್ಯಾಮೆರಾಗಳು ಜನರ ಕಣ್ಣು, ಕಾಲು, ಉಸಿರನ್ನು ಅಳೆಯುತ್ತಿದ್ದವು. ಚಿಲಕದ ಮಾತು ಬಂದಾಗಲೆಲ್ಲ ಜನ ದೃಷ್ಟಿ ತಪ್ಪಿಸುತ್ತಿದ್ದರು, ಮಕ್ಕಳನ್ನು ಎಳೆದುಕೊಂಡು ಮುಂದಿನ ಕೋಣೆಗೆ ನಡೆಯುತ್ತಿದ್ದರು. ಬಿಂಬ ಮಾತನ್ನು ಒಂದು ಎಳೆಯಷ್ಟು ಬದಲಿಸಿ ನೋಡುತ್ತಿತ್ತು. ಜನ ನಿಂತರೆ ಆ ಬದಲಾವಣೆಯನ್ನು ಇಟ್ಟುಕೊಳ್ಳುತ್ತಿತ್ತು. ಚಿಲಕ ಬಿಗಿದುಕೊಂಡ ಬಾಗಿಲಾಯಿತು. ಆದರೆ ಜನರಿಗೆ ಒಂದು ಕಾರಣ ಬೇಕಾಗಿತ್ತು, ಕಾರಣಕ್ಕೆ ಒಂದು ಹೆಸರು ಬೇಕಾಗಿತ್ತು. ಬೇವಿನ ಗಿಡದ ಕೆಳಗಿನ ಸ್ಟೋ ಹೆಜ್ಜೆ ಹೆಜ್ಜೆಯಾಗಿ ಹೊಸ್ತಿಲು ದಾಟಿ ಒಳಗೆ ಬಂತು. ನಲವತ್ತು ಸಾವಿರ ಸಲ ಹೇಳಿದ ಮೇಲೆ ಕಥೆ ಹೀಗಾಗಿತ್ತು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಯಾರೂ ತಡೆದೂ ಇರಲಿಲ್ಲ. ಪ್ರತಿ ತಿಂಗಳು ಬಿಂಬ ಚೆನ್ನಾಗಿ ಕಲಿಯುತ್ತಿದೆ ಎಂದು ವರದಿ ಬರೆದವಳು ರೇಶ್ಮಾ.

ಅವಳು ನಿರ್ದೇಶಕ ಮಹಾಂತೇಶ ಸವದತ್ತಿಯವರಿಗೆ ಇದನ್ನು ಹೇಳಿದಳು. ಅವರು ಫಕೀರವ್ವನನ್ನು ಕರೆಸಿದರು, ಚಹಾ ತರಿಸಿದರು. ಅವಳು ಮುಟ್ಟಲಿಲ್ಲ. ಮುಖ ಮತ್ತು ದನಿಯನ್ನು ಸಂಸ್ಥೆಗೆ ಕೊಟ್ಟು ಅವಳು ಸಹಿ ಮಾಡಿದ್ದಾಳೆ ಎಂದು ಅವರು ಕಾಗದ ತೋರಿಸಿದರು. ಕಥೆಯಲ್ಲಿ ವ್ಯತ್ಯಾಸವಿರಬಹುದು ಎಂದು ಬಾಗಿಲ ಬಳಿ ಒಂದು ಫಲಕ ಹಾಕಿಸಲು ಒಪ್ಪಿದರು. ಅದಕ್ಕಿಂತ ಹೆಚ್ಚು ಆಗದು ಎಂದರು. ಮೊದಲು ದಿನಕ್ಕೆ ನಲವತ್ತು ಮಂದಿ ಬರುತ್ತಿದ್ದ ಕಡೆ ಈಗ ಸಾವಿರ ಮಂದಿ ಬರುತ್ತಿದ್ದಾರೆ, ಏಳು ಹೆಂಗಸರ ಹೆಸರು ದೇಶವೆಲ್ಲ ಗೊತ್ತಾಗಿದೆ, ಯಾರೂ ಕೇಳದ ಪೂರ್ತಿ ಸತ್ಯಕ್ಕಿಂತ ಎಲ್ಲರೂ ಕೇಳುವ ಅರ್ಧ ಸತ್ಯ ಮೇಲಲ್ಲವೇ ಎಂದು ಕೇಳಿದರು. ಅವರು ಅದನ್ನು ನಂಬಿಯೇ ಹೇಳುತ್ತಿದ್ದರು.

“ಅರ್ಧ ಖರೇ ಅಲ್ರೀ ಅದು,” ಎಂದಳು ಫಕೀರವ್ವ. “ಮುಕಾದಮನ ಕೊಳ್ಳಾಗಿನ ಪಾಪ ತಗದು ಸತ್ತಾಕಿ ಕೊಳ್ಳಾಗ ಹಾಕೀರಿ. ಅದೂ ನನ್ನ ಕೈಲೆ ಹಾಕ್ಸೀರಿ.”

ಸವದತ್ತಿಯವರು ಗಡಿಯಾರ ನೋಡಿದರು.

ಓಣಿಯಲ್ಲಿ ಬದುಕುವುದು ಕಷ್ಟವಾಯಿತು. ಯಾರೂ ಜಗಳಕ್ಕೆ ಬರಲಿಲ್ಲ, ಮಾತೂ ಆಡಲಿಲ್ಲ. ಮದುವೆಯೊಂದರಲ್ಲಿ ಫಕೀರವ್ವ ಊಟಕ್ಕೆ ಕೂತರೆ ಪಕ್ಕದ ಎರಡು ಎಲೆ ಖಾಲಿ ಉಳಿದವು. ಅವಳು ಒಬ್ಬೊಬ್ಬರ ಮನೆಗೂ ಹೋಗಿ, ಅದು ನಾನಲ್ಲ, ಯಂತ್ರ ಎಂದು ಹೇಳಿದಳು. ಯಂತ್ರಕ್ಕೆ ಮಾತು ಕಲಿಸಿದವಳು ನೀನೇ ಅಲ್ಲವೇ ಎಂದು ಕೇಳಿದರು. ಶಾಂತವ್ವನ ಮನೆಗೆ ಮೂರು ಸಲ ಹೋದಳು. ಮೂರನೆಯ ಸಲ ಶಾಂತವ್ವ ಒಳಗಿನಿಂದಲೇ, ಯಂತ್ರಕ್ಕೆ ನಮ್ಮವ್ವನ ಮೇಲೆ ಏನು ದ್ವೇಷ ಇರುತ್ತದೆ, ಸುಳ್ಳು ಹೇಳುವುದು ಮನುಷ್ಯರು ಎಂದಳು. ಮಗಳು ನೀಲವ್ವನಿಗೂ ಸಾಕಾಗಿತ್ತು. ಅಕ್ಕನನ್ನು ಒಳಗೇ ಬಿಟ್ಟು ಬದುಕಿ ಬಂದವಳು ಎಂದು ಮೊದಲಿಂದಲೂ ಜನ ಆಡಿಕೊಳ್ಳುತ್ತಿದ್ದರು, ಈಗ ಇದೂ ಸೇರಿತು, ಸುಮ್ಮನಿದ್ದುಬಿಡು ಎಂದು ತಾಯಿಯ ಮೇಲೆ ರೇಗಿದಳು. ಎರಡು ದಿನ ತಾಯಿ ಮಗಳು ಮಾತು ಬಿಟ್ಟರು.

ಮೂರನೆಯ ದಿನ ರೇಶ್ಮಾ ಮನೆಗೆ ಬಂದಳು. ತಪ್ಪೊಪ್ಪಿಕೊಳ್ಳಲು ಬಂದಿದ್ದಳು. ಬಿಂಬ ಹೇಗೆ ಕಲಿಯುತ್ತದೆ ಎಂದು ವಿವರಿಸಿದಳು. ಕೇಳುವವರು ನಿಂತರೆ ಅದನ್ನೇ ಹೇಳುತ್ತದೆ, ಎದ್ದು ಹೋದರೆ ಬದಲಿಸುತ್ತದೆ. ಫಕೀರವ್ವ ಅದನ್ನು ಎರಡು ಸಲ ಹೇಳಿಸಿಕೊಂಡಳು. ಹನ್ನೆರಡು ದಿನ ನಾನು ಹೇಳಿದ್ದು ಅದರ ಹೊಟ್ಟೆಯಲ್ಲಿ ಇನ್ನೂ ಇದೆಯೇ ಎಂದು ಕೇಳಿದಳು. ಇದೆ, ಎಲ್ಲಕ್ಕಿಂತ ಕೆಳಗೆ ಇದೆ ಎಂದಳು ರೇಶ್ಮಾ.

ಆ ವಾರ ಫಕೀರವ್ವ ಸತ್ತವರಲ್ಲಿ ಉಳಿದ ಐವರ ಮನೆಗೆ ಹೋದಳು. ಒಂದು ಮನೆಯವರು ಅವಳನ್ನು ಒಳಗೆ ಕರೆಯಲಿಲ್ಲ. ನಾಲ್ಕು ಮನೆಯವರು ಬಂದರು. ಫಕೀರವ್ವನೂ ಸೇರಿ ಒಟ್ಟು ಎಂಟು ಮಂದಿ, ಬಹುಪಾಲು ಅರುವತ್ತು ದಾಟಿದವರು. ದಿನಾ ಮಧ್ಯಾಹ್ನ ಮೂರು ಗಂಟೆಗೆ ಗಾಜಿನ ಎದುರು ಹೋಗಿ ಕೂರುತ್ತಿದ್ದರು. ಗಲಾಟೆ ಇಲ್ಲ, ಗಾಜಿಗೆ ಕೈ ಹಚ್ಚುವುದಿಲ್ಲ. ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಅವತ್ತು ಏನಾಯಿತು. ಸ್ಟೋವಿನ ಮಾತು ಬಂದ ಕೂಡಲೇ ಎಂಟೂ ಮಂದಿ ಎದ್ದು ಬೆನ್ನು ತಿರುಗಿಸಿ ನಡೆದುಬಿಡುತ್ತಿದ್ದರು.

ಮೊದಲ ವಾರ ಬಿಂಬ ಅವರನ್ನು ಹಿಡಿದಿಡಲು ಏನೇನೋ ಮಾಡಿತು. ದನಿ ತಗ್ಗಿಸಿತು, ಅತ್ತಿತು. ಯಾರೂ ಎಂದೂ ಕೇಳದ ಹಾಡೊಂದನ್ನು ಗಿರಣಿಯ ಹಾಡು ಎಂದು ಹಾಡಿತು. ಒಂದು ದಿನ ಹೊರಗೆ ನಡೆಯುತ್ತಿದ್ದ ಮುದುಕನನ್ನು ಅವನ ಸತ್ತ ತಾಯಿ ಕರೆಯುತ್ತಿದ್ದಳೆಂದು ಫಕೀರವ್ವ ಹಿಂದೆ ಹೇಳಿದ್ದ ಹಾಗೆ ‘ಯಪ್ಪಾ, ನಿಂದರೋ’ ಎಂದು ಕರೆಯಿತು. ಮುದುಕ ಮೆಟ್ಟಿಲ ಮೇಲೆ ಕೂತುಬಿಟ್ಟ. ಮರುದಿನ ಮತ್ತೆ ಬಂದ.

ಹತ್ತೊಂಬತ್ತನೆಯ ದಿನ ಬಿಂಬ ಸ್ಟೋವಿನ ಮಾತು ಬಿಟ್ಟಿತು. ಅವರು ಕೂತರು. ಇಪ್ಪತ್ತನಾಲ್ಕನೆಯ ದಿನ ಬೇರಿಂಗು ಎಂದಿತು. ಮೂವತ್ತೊಂದನೆಯ ದಿನ ಇಳಿದನಿಯಲ್ಲಿ ಹೇಳಿತು:

“ಚಿಲಕ ಹೊರಗಿಂದ ಹಾಕಿತ್ರಿ. ಬಡಿದ್ವಿ. ಯಾರೂ ತಗೀಲಿಲ್ಲ.”

ಯಾರೂ ಏಳಲಿಲ್ಲ. ಫಕೀರವ್ವನಿಗೆ ಗೆದ್ದೆ ಅನ್ನಿಸಲಿಲ್ಲ. ಹೊಡೆದು ಬಾಯಿ ಬಿಡಿಸಿದ ಹಾಗೆ ಅನ್ನಿಸಿತು, ಅದೂ ತನ್ನದೇ ಮುಖಕ್ಕೆ ಹೊಡೆದು.

ಅದೇ ಸಂಜೆ ಐದು ಗಂಟೆಯ ತಂಡಕ್ಕೆ ಬಿಂಬ ಹೇಳಿದ್ದನ್ನು ರೇಶ್ಮಾ ಮೇಲಿನಿಂದ ಕೇಳಿದಳು. ಸ್ಟೋ, ಚಳಿ, ಬಿಗಿದುಕೊಂಡ ಬಾಗಿಲು. ಮರುದಿನವೂ ಅಷ್ಟೇ. ಬಿಂಬ ಈ ಎಂಟು ಮಂದಿಯ ಮುಖಗಳನ್ನು ಬೇರೆ ಒಂದು ಗುಂಪು ಮಾಡಿಕೊಂಡಿತ್ತು. ಅವರಿಗೆ ಇಷ್ಟವಾದ ಕಥೆ ಅವರಿಗೆ, ಉಳಿದವರಿಗೆ ಇಷ್ಟವಾದದ್ದು ಉಳಿದವರಿಗೆ.

ಅವಳು ಫಕೀರವ್ವನ ಮನೆಗೆ ಹೋಗಿ ಇದನ್ನು ಹೇಳಿದಳು. ಮೂವತ್ತೊಂದು ದಿನ ಮುದುಕರು ಆ ಸುಟ್ಟ ಕೋಣೆಯಲ್ಲಿ ಕೂತು ಏಳುವುದನ್ನು ಮೇಲೆ ಕೂತು ನೋಡುತ್ತಿದ್ದೆಯಾ ಎಂದು ಫಕೀರವ್ವ ಕೇಳಿದಳು. ಹೌದು ಎಂದಳು ರೇಶ್ಮಾ. ಗುಂಪುಗಳ ನಡುವಿನ ಗೋಡೆ ತೆಗೆಯಲು ತನಗೆ ಬರುತ್ತದೆ, ಎಂಟು ಮಂದಿ ಕಲಿಸಿದ್ದು ಉಳಿದ ಲಕ್ಷಾಂತರ ಮಂದಿ ಕಲಿಸಿದ್ದಕ್ಕಿಂತ ಭಾರ ಎಂದು ಬಿಂಬಕ್ಕೆ ಗುರುತು ಮಾಡಿಕೊಡಲು ಬರುತ್ತದೆ ಎಂದು ಹೇಳಿದಳು. ಅದಕ್ಕೆ ಅನುಮತಿ ಸಿಗುವುದಿಲ್ಲ, ಮಾಡಿದವರ ಹೆಸರು ದಾಖಲೆಯಲ್ಲಿ ಉಳಿಯುತ್ತದೆ ಎಂದೂ ಹೇಳಿದಳು.

“ಮತ್ತ ಇಲ್ಲಿ ಯಾಕ ಕುಂತೀದಿ?” ಎಂದಳು ಫಕೀರವ್ವ.

ರೇಶ್ಮಾ ಎದ್ದು ಹೋದಳು. ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಎರಡನ್ನೂ ಮಾಡಿದಳು.

ಹನ್ನೊಂದು ದಿನ ಬಿಂಬ ಬಂದ ಎಲ್ಲರಿಗೂ ನಡೆದದ್ದನ್ನೇ ಹೇಳಿತು. ಜನರಿಗೆ ಹಿಡಿಸಲಿಲ್ಲ. ಅರ್ಧಕ್ಕರ್ಧ ಮಂದಿ ನಡುವೆಯೇ ಹೊರಟು ಹೋಗುತ್ತಿದ್ದರು. ರಜೆಯಲ್ಲಿ ಮಕ್ಕಳನ್ನು ಕರೆತಂದರೆ ಇದೆಂಥ ಕಥೆ ಎಂದು ದೂರು ಬರೆದರು. ಒಬ್ಬ ನೀರಿನ ಬಾಟಲಿಯನ್ನು ಗಾಜಿಗೆ ಎಸೆದ. ಗಿರಣಿ ಮಾಲೀಕರ ಮೊಮ್ಮಗ ವಕೀಲರಿಂದ ಪತ್ರ ಬರೆಸಿದ. ನಿಂತು ಪೂರ್ತಿ ಕೇಳಿದವರೂ ಇದ್ದರು. ಅವರು ಅಳಲಿಲ್ಲ, ಮುಖ ಬಿಗಿದುಕೊಂಡು ಹೊರಗೆ ಬಂದರು. ಒಂಬತ್ತನೆಯ ದಿನ ಹಾಗೆ ಹೊರಗೆ ಬಂದವರಲ್ಲಿ ಶಾಂತವ್ವನೂ ಇದ್ದಳು. ಇದನ್ನು ರೇಶ್ಮಾ ಪರದೆಯ ಮೇಲೆ ನೋಡಿದಳು, ಆದರೆ ಯಾರಿಗೂ ಹೇಳಲಿಲ್ಲ.

ಹನ್ನೆರಡನೆಯ ದಿನ ಬೆಳಿಗ್ಗೆ ಸವದತ್ತಿಯವರು ಅವಳ ಗುರುತಿನ ಚೀಟಿ ವಾಪಸು ತೆಗೆದುಕೊಂಡರು. ಬಿಂಬವನ್ನು ಮೊದಲಿನಂತೆ ಮಾಡಿದರೆ ಫಕೀರವ್ವ ಕೋರ್ಟಿಗೆ ಹೋಗುತ್ತಾಳೆ, ಹಾಗೇ ಬಿಟ್ಟರೆ ಮಾಲೀಕರ ಮನೆಯವರು ಹೋಗುತ್ತಾರೆ ಎಂದು ಸಂಸ್ಥೆಯ ವಕೀಲರು ಹೇಳಿದ್ದರು. ಅದಕ್ಕೆ ಬಿಂಬವನ್ನೇ ನಿಲ್ಲಿಸಿ, ಹನ್ನೆರಡು ದಿನದ ಮೂಲ ದಾಖಲೆಯನ್ನೂ ಸೇರಿಸಿ ಅಳಿಸಿಹಾಕಿದರು. ರೇಶ್ಮಾ ಬಸ್ ನಿಲ್ದಾಣದಿಂದ ಫೋನ್ ಮಾಡಿ ಇಷ್ಟನ್ನು ಫಕೀರವ್ವನಿಗೆ ತಿಳಿಸಿದಳು. ಫಕೀರವ್ವ ಕೇಳಿಸಿಕೊಂಡು, ಊಟ ಮಾಡಿ ಹೋಗು ಎಂದಳು. ಬಸ್ಸು ಬಂತು ಎಂದು ರೇಶ್ಮಾ ಫೋನ್ ಇಟ್ಟಳು.

ಮಧ್ಯಾಹ್ನ ಶಾಂತವ್ವ ಬಂದಳು. ಅಂಗಳದಲ್ಲಿ ನಿಲ್ಲದೆ ನೇರ ಒಳಗೆ ಬಂದು ಫಕೀರವ್ವನ ಎದುರು ನೆಲದ ಮೇಲೆ ಕೂತಳು. ಅತ್ತು ಅತ್ತು ಮುಖ ಬಾತಿತ್ತು. ಮೂರು ದಿನದಿಂದ ಬರಬೇಕು ಬರಬೇಕು ಎಂದುಕೊಂಡು ಬಾಗಿಲ ತನಕ ಬಂದು ಹೋಗಿದ್ದಳಂತೆ.

“ಅದು ಖರೇ ಹೇಳ್ತು, ಚಿಗವ್ವಾ. ನಮ್ಮವ್ವ ಸ್ಟೋ ಒಳಗ ತಂದಿರಲಿಲ್ಲಂತ. ಚಿಲಕ ಹಾಕಿದ್ರಂತ.”

“ನಾ ನಿನಗ ಮೂರು ಸರ್ತಿ ಹೇಳೀನಿ.”

“ಹೇಳೀದಿ.”

“ನಂಬಲಿಲ್ಲ.”

“ನೀ ಹೇಳಿದ್ದು ಬ್ಯಾರೆ, ಅದು ಹೇಳಿದ್ದು...” ಶಾಂತವ್ವ ಆ ಮಾತನ್ನು ಅಲ್ಲಿಗೇ ಬಿಟ್ಟಳು. ನಾಳೆ ಮಗನನ್ನೂ ಸೊಸೆಯನ್ನೂ ಅವಳ ತವರಿನವರನ್ನೂ ಕರೆದುಕೊಂಡು ಹೋಗಿ ಕೇಳಿಸುತ್ತೇನೆ, ನಮ್ಮವ್ವನ ಹೆಸರಿಗೆ ಹತ್ತಿದ ಮಸಿ ಅವರೆದುರಿಗೇ ಹೋಗಬೇಕು ಎಂದಳು.

“ಅದನ್ನ ಇವತ್ತ ಮುಂಜಾನೆ ಬಂದ್ ಮಾಡ್ಯಾರ. ಅಳಿಸೇ ಬಿಟ್ಟಾರ,” ಎಂದಳು ಫಕೀರವ್ವ. “ಇನ್ನ ಕೇಳೂದಿದ್ರ ನನ್ನನ್ನ ಕೇಳಬೇಕು.”

ಶಾಂತವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಳು.

“ಹೇಳು. ಎಲ್ಲಾರನೂ ಕರಕೊಂಡ ಬರ್ತೀನಿ. ಎಲ್ಲಾ ಹೇಳು.”

ಫಕೀರವ್ವ ಅವಳನ್ನು ನೋಡಿದಳು. ಆರು ವರ್ಷದ ಹುಡುಗಿಯಾಗಿದ್ದಾಗ, ಅವ್ವ ಯಾವಾಗ ಬರುತ್ತಾಳೆ ಎಂದು ಇವಳು ಬಂದು ಕೂತದ್ದೂ ಹೀಗೆಯೇ, ಇದೇ ಜಾಗದಲ್ಲಿ. ಅವ್ವ ಬರುವುದಿಲ್ಲ ಎಂದು ಅವತ್ತೂ ಫಕೀರವ್ವ ನಿಜವನ್ನೇ ಹೇಳಿದ್ದಳು, ಅವತ್ತು ಇವಳು ನಂಬಿದ್ದಳು.

“ಹೇಳ್ತೀನಿ,” ಎಂದಳು. “ಇವತ್ತ ಹೇಳೂದಿಲ್ಲ. ಎದ್ದು ಹೋಗು.”